ನಿಂತ ಟ್ರ್ಯಾಕ್ಟರ್ ಹಿನ್ನೆಲೆಗೆ ಸೇರದಂತೆ

12 ಜನವರಿ 2025, ರವಿವಾರ
ಮುಧೋಳ, ಬಾಗಲಕೋಟೆ ಜಿಲ್ಲೆ

ಕಬ್ಬು ನುರಿಸುವ ಹಂಗಾಮು ಜೋರಾಗಿದೆ. ಕಾರ್ಖಾನೆ ದಾರಿಯಲ್ಲಿ ಹಗಲಿರುಳು ಟ್ರ್ಯಾಕ್ಟರ್ ಸಾಲು, ಒಂದೊಂದರ ಹಿಂದೆ ಎರಡೆರಡು ಟ್ರೇಲರ್. ರಸ್ತೆಯಾಚೆ ಬಿಳಿಜೋಳ ಸೀತನಿಗೆ ಬಂದು ಗಾಳಿಗೆ ತೂಗುತ್ತಿದೆ. ವಿಡಿಯೊದಲ್ಲಿ ಚಲಿಸುವುದನ್ನು ಹಿನ್ನೆಲೆಯಿಂದ ಬಿಡಿಸಬೇಕೆನ್ನುವವರಿಗೆ ಇಷ್ಟು ತಕರಾರಿನ ದೃಶ್ಯ ಬೇರೆ ಸಿಗಲಿಕ್ಕಿಲ್ಲ. ಹಿನ್ನೆಲೆಯಾಗಬೇಕಾದ ಜೋಳ ಅಲುಗಾಡುತ್ತದೆ, ಎಣಿಸಬೇಕಾದ ಟ್ರ್ಯಾಕ್ಟರ್ ನಿಂತುಬಿಡುತ್ತದೆ.

ಶುರು ಮಾಡಲು, ಚಿತ್ರ-ವಿಡಿಯೊ ಸಂಸ್ಕರಿಸುವ ಉಚಿತ ತಂತ್ರಾಂಶ ಸಂಗ್ರಹ ಓಪನ್‌ಸಿವಿಯಲ್ಲಿರುವ, ಹಿನ್ನೆಲೆ ಬಿಡಿಸುವ ಎಂಒಜಿ2 ಸಾಕು. 1999ರಲ್ಲಿ ಸ್ಟಾಫರ್ ಮತ್ತು ಗ್ರಿಮ್ಸನ್ ಮುಂದಿಟ್ಟ ವಿಧಾನವನ್ನು ಝಿವ್ಕೊವಿಚ್ 2004ರಲ್ಲಿ ತಿದ್ದಿದರು, ಅದೇ ಇದು. ಪ್ರತಿ ಪಿಕ್ಸೆಲ್‌ಗೆ ಐದರವರೆಗೆ ಗಾಸಿಯನ್ (ಒಂದು ಸರಾಸರಿ ಬಣ್ಣ, ಅದರ ಏರಿಳಿತ, ಅದು ಎಷ್ಟು ಸಲ ಕಾಣುತ್ತದೆಂಬ ತೂಕ): ಎಲೆಗೊಂದು, ತೆನೆಗೊಂದು, ಹಿಂದಿನ ಎರಿಮಣ್ಣಿಗೊಂದು. ತೂಗುವ ಬೆಳೆ ಹೀಗೆ ಹಿನ್ನೆಲೆಯಲ್ಲೇ ಉಳಿಯುತ್ತದೆ.

ಎಡವಟ್ಟಾಗುವುದು ನಿಂತ ವಾಹನದಲ್ಲಿ. ಹಿಸ್ಟರಿ (ಎಷ್ಟು ಫ್ರೇಮುಗಳ ನೆನಪು ಎಂಬ ಸೆಟ್ಟಿಂಗ್) 500 ಇಟ್ಟರೆ, ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ 20 ಸೆಕೆಂಡ್ ಸಿಕ್ಕಿತು ಅಂತ ಬಹಳ ಜನ ತಿಳಿಯುತ್ತಾರೆ. ಸಿಗುವುದು ಎರಡೇ ಸೆಕೆಂಡ್! ಕಲಿಕೆಯ ದರ 1/500, ಅಂದರೆ 0.002. ಬ್ಯಾಕ್‌ಗ್ರೌಂಡ್ ರೇಶಿಯೊ, ಅಂದರೆ ಒಟ್ಟು ತೂಕದಲ್ಲಿ ಹಿನ್ನೆಲೆಯೆಂದು ಒಪ್ಪುವ ಪಾಲು, 0.9 ಇರುವುದರಿಂದ ಹೊಸ ಬಣ್ಣದ ತೂಕ 0.1 ದಾಟಿದರೆ ಸಾಕು, ಅದೂ ಹಿನ್ನೆಲೆಯೇ. ಹಳೆಯ ಹಿನ್ನೆಲೆಯ ತೂಕ ಪ್ರತಿ ಫ್ರೇಮಿಗೆ 0.998 ಪಟ್ಟಾಗುತ್ತದೆ; 0.998ರ 53ನೇ ಘಾತ 0.9ಕ್ಕಿಂತ ಕೆಳಗಿಳಿಯುತ್ತದೆ, 53 ಫ್ರೇಮಿಗೆ ಟ್ರೇಲರ್ ಮಾಯ. ಮಾಸ್ಕ್ (ಮುನ್ನೆಲೆಯನ್ನು ಬಿಳಿ, ಹಿನ್ನೆಲೆಯನ್ನು ಕಪ್ಪು ತೋರಿಸುವ ಚಿತ್ರ) ನೋಡಿದರೆ ಗೊತ್ತಾಗುತ್ತದೆ: ಅಲುಗಾಡದ ಕಬ್ಬಿನ ಹೊರೆ ಮೊದಲು ಕಪ್ಪಾಗಿ, ಹೊರಚಾಚಿದ ರವದಿ (ಕಬ್ಬಿನ ಒಣ ಎಲೆ) ಗಾಳಿಗೆ ಆಡುವ ಅಂಚಷ್ಟೇ ಬಿಳಿ ಉಳಿಯುತ್ತದೆ.

ರೇಶಿಯೊ 0.7ಕ್ಕೆ ಇಳಿಸಿದರೆ ಸುಮಾರು 178 ಫ್ರೇಮ್, ಏಳು ಸೆಕೆಂಡ್ ಸಿಗುತ್ತದೆ. ಆದರೆ ಜೋಳದ ಒಂದು ಪಿಕ್ಸೆಲ್‌ನಲ್ಲಿ ಮೂರು ಬಣ್ಣಗಳ ತೂಕ 0.6, 0.25, 0.15 ಇದ್ದರೆ ಮೂರನೆಯದು ಮುನ್ನೆಲೆಗೆ ಜಿಗಿದು ಹೊಲವೆಲ್ಲ ಚುಕ್ಕೆ. ಹಿಸ್ಟರಿ 5000 ಮಾಡಿದರೆ 21 ಸೆಕೆಂಡ್. ಆಗ ಮೋಡ ಕವಿದು ಬೆಳಕು ಬದಲಾದದ್ದನ್ನು ಮಾದರಿ ನಿಧಾನಕ್ಕೆ ಕಲಿಯುತ್ತದೆ. ಈ ಎರಡನ್ನೇ ತಿರುವುತ್ತ ಕೂತರೆ ಹಂಗಾಮು ಮುಗಿದೀತು.

ಮಾಡಬೇಕಾದ್ದು ಬೇರೆ. ಮೊದಲು ಕಲಿಕೆಯ ದರ (ಲರ್ನಿಂಗ್ ರೇಟ್) 0 ಕೊಟ್ಟು ಮಾಸ್ಕ್ ಮಾತ್ರ ತೆಗೆಯಿರಿ. ವಾಹನವೆಂದು ಖಾತ್ರಿಯಾದ ಜಾಗದಲ್ಲಿ ಮಾದರಿಯದೇ ಹಿನ್ನೆಲೆ ಚಿತ್ರವನ್ನು ಅಂಟಿಸಿ, ಆ ಫ್ರೇಮನ್ನು 0.002ರಲ್ಲಿ ಮತ್ತೆ ಉಣಿಸಿ. ಟ್ರ್ಯಾಕ್ಟರ್ ಮಾದರಿಯೊಳಗೆ ಹೋಗುವುದೇ ಇಲ್ಲ. ಇದರಲ್ಲೂ ಒಂದು ಕೊಕ್ಕೆ: ಅಂಟಿಸಿದ್ದು ಸರಾಸರಿ ಬಣ್ಣ, ಅದರಲ್ಲಿ ಏರಿಳಿತವಿಲ್ಲ. ಪಿಕ್ಸೆಲ್‌ನ ವೇರಿಯನ್ಸ್ (ಏರಿಳಿತದ ಅಳತೆ) ಕುಸಿದು ಕನಿಷ್ಠ ಮಿತಿ 4ಕ್ಕೆ ಬರುತ್ತದೆ. ಟ್ರ್ಯಾಕ್ಟರ್ ಹೋದಮೇಲೆ ಖಾಲಿ ಡಾಂಬರಿನ ಮೇಲೆ ಅದೇ ಆಕಾರದಲ್ಲಿ ಚುಕ್ಕೆ ಏಳುತ್ತವೆ. ಕನಿಷ್ಠ ವೇರಿಯನ್ಸನ್ನು 10–12ಕ್ಕೆ ಏರಿಸಿ. ಅಂಟಿಸುವುದಕ್ಕೆ ಕಾಲಮಿತಿಯನ್ನೂ ಇಡಿ, ಹತ್ತು ನಿಮಿಷ ಅನ್ನಿ. ಇಲ್ಲದಿದ್ದರೆ ರಸ್ತೆಗೆ ಬಿದ್ದ ಕಬ್ಬಿನ ರಾಶಿ ಕೂಡ ಶಾಶ್ವತ ವಾಹನ. (ರಾಶಿ ಅಷ್ಟು ಹೊತ್ತು ಉಳಿಯುವುದಿಲ್ಲ, ಹುಡುಗರು ಬಿಡಬೇಕಲ್ಲ.)

ನೆರಳಿಗೆ ಮಾಸ್ಕ್‌ನಲ್ಲಿ ಬರುವ ಬೆಲೆ 127, ಆದ್ದರಿಂದ 200ಕ್ಕೆ ಥ್ರೆಶೋಲ್ಡ್ (ಕೆಳಗಿನದನ್ನು ಬಿಟ್ಟುಬಿಡುವ ಗಡಿ) ಹಾಕಿದರೆ ಅದು ಬಿದ್ದುಹೋಗುತ್ತದೆ. ಶ್ಯಾಡೋ ಥ್ರೆಶೋಲ್ಡ್ 0.5 ಇದ್ದಾಗ, ಅರ್ಧಕ್ಕಿಂತ ಕಪ್ಪಾದದ್ದು ನೆರಳೆನಿಸುವುದಿಲ್ಲ. ನಮ್ಮ ಕಡೆಯ ಬಿಸಿಲಿನ ನೆರಳು ಅದಕ್ಕಿಂತ ಗಾಢ, 0.35ರ ಆಸುಪಾಸು ಇಟ್ಟು ನೋಡಿ. ಟೈರುಗಳೂ ನೆರಳೆಂದು ಹೋಗುತ್ತವೆ, ಹೋಗಲಿ.

ಕ್ಯಾಮೆರಾದ ಆಟೋ ಎಕ್ಸ್‌ಪೋಶರ್, ಆಟೋ ವೈಟ್ ಬ್ಯಾಲೆನ್ಸ್ ಎರಡನ್ನೂ ಹಗಲಲ್ಲಿ ಬಂದ್ ಮಾಡಿ. ಬಿಳಿ ತಾಡಪತ್ರಿ ಹೊದ್ದ ಲಾರಿ ಬಂದರೆ ಕ್ಯಾಮೆರಾ ತಾನೇ ಬೆಳಕು ತಗ್ಗಿಸುತ್ತದೆ, ಇಡೀ ಫ್ರೇಮ್ ಮುನ್ನೆಲೆಯಾಗುತ್ತದೆ. ಎರಡು ಸೆಕೆಂಡಿಗೊಮ್ಮೆ ತಾಳ ಹಾಕಿದಂತೆ ಚುಕ್ಕೆ ಬಂದರೆ ಗಾಳಿಯನ್ನು ಬೈಯಬೇಡಿ. ಕೀ-ಫ್ರೇಮ್ (ಸಂಕುಚಿತ ವಿಡಿಯೊದಲ್ಲಿ ಪೂರ್ತಿಯಾಗಿ ಉಳಿಸಿದ ಚಿತ್ರ) 50 ಫ್ರೇಮಿಗೊಂದು ಇದೆ, ಬಿಟ್‌ರೇಟ್ (ಸೆಕೆಂಡಿಗೆ ಸಿಗುವ ಡೇಟಾ) ಸಾಲುತ್ತಿಲ್ಲ. ರಾತ್ರಿ ಕ್ಯಾಮೆರಾ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ. ಲೆನ್ಸ್ ಮುಂದಿನ ಬಲೆಯನ್ನು ಬಟ್ಟೆಯಿಂದಲೇ ಒರೆಸಬೇಕು.

ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಗಣಕ ಮಾದರಿ) ಬೇಕಾಗುವುದು ಇಷ್ಟಾದ ಮೇಲೆ. 2018ರ ಎಫ್‌ಜಿಸೆಗ್‌ನೆಟ್ ಒಂದೊಂದು ದೃಶ್ಯದಿಂದ 200 ಫ್ರೇಮ್ ಕಲಿತು ಅದೇ ದೃಶ್ಯದಲ್ಲಿ ಭರ್ಜರಿ ಅಂಕ ಪಡೆಯುತ್ತದೆ. ಕಾಣದ ಕ್ಯಾಮೆರಾದಲ್ಲಿ ಸೋಲುತ್ತದೆ. 2020ರ ಬಿಎಸ್‌ಯುವಿ-ನೆಟ್ ಖಾಲಿ ಹಿನ್ನೆಲೆ, ಇತ್ತೀಚಿನ ಹಿನ್ನೆಲೆ, ಈಗಿನ ಫ್ರೇಮ್ ಮೂರನ್ನೂ ಒಟ್ಟಿಗೆ ನೋಡುತ್ತದೆ. ಇದೇ ದಾರಿಯಲ್ಲಿ ಒಂಬತ್ತು ಚಾನೆಲ್‌ನ (ಮೂರು ಚಿತ್ರಕ್ಕೆ ಮೂರು ಮೂರು ಬಣ್ಣ) ಸಣ್ಣ ಯು-ನೆಟ್, ಅಂದರೆ ಚಿತ್ರದ ಭಾಗಗಳನ್ನು ಬಿಡಿಸುವ ನೆಟ್‌ವರ್ಕ್, ಕಟ್ಟಬಹುದು. ಟ್ರೈನಿಂಗ್, ಟೆಸ್ಟ್ ಎಂದು ದಿನಗಳನ್ನು ಹಂಚಿ, ಫ್ರೇಮುಗಳನ್ನಲ್ಲ. ಅಕ್ಕಪಕ್ಕದ ಫ್ರೇಮ್ ಎರಡೂ ಕಡೆ ಸೇರಿದರೆ ಅಂಕ ಸುಳ್ಳಾಗುತ್ತದೆ. ಮುನ್ನೆಲೆ ಪಿಕ್ಸೆಲ್ ಕಡಿಮೆ ಇರುವುದರಿಂದ ಲಾಸ್‌ಗೆ (ತಪ್ಪಿನ ಅಳತೆಗೆ) ಡೈಸ್, ಅಂದರೆ ಎರಡು ಮಾಸ್ಕ್ ಎಷ್ಟು ಹೊಂದುತ್ತವೆಂಬ ಅಳತೆ, ಸೇರಿಸಿ. ರವದಿಯ ಮಸುಕು ಅಂಚಿಗೆ ಇಂಥ ವಿಧಾನಗಳನ್ನು ಪರೀಕ್ಷಿಸುವ ವಿಡಿಯೊ ಸಂಗ್ರಹ ಸಿಡಿನೆಟ್ 2014ರ ಪದ್ಧತಿಯಂತೆ 170 (ಗೊತ್ತಿಲ್ಲ ಎಂಬ) ಗುರುತು ಹಾಕಿ, ಲಾಸ್ ಲೆಕ್ಕದಿಂದ ಬಿಟ್ಟುಬಿಡಿ.