ಕೆಂಪು ಬಾವಲಿಯ ಹಿಂದೆ: ಮರದಿಂದ ತರಗೆಲೆಯ ತನಕ

ಜೂನ್ ಕೊನೆ, ಸ್ಪ್ರಿಂಗ್‌ಫೀಲ್ಡ್, ಮಿಸೌರಿ

ಹಿತ್ತಲಿನ ಓಕ್ ಮರಕ್ಕೆ ಬಾವಲಿಯ ಕೂಗು ಹಿಡಿಯುವ ಆಡಿಯೋಮಾತ್ ಎಂಬ ಪುಟ್ಟ ರೆಕಾರ್ಡರ್ ಕಟ್ಟಿದ್ದೇನೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್. ಕೆಂಪು ಬಾವಲಿಯ ಕೂಗು 40ರ ಆಸುಪಾಸು. ಹಾಗಾಗಿ ಕೂಗನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ನೋಡಬೇಕು. ಕೂಗು ಒಂದು ಸಲ ಕೆಳತನಕ ಇಳಿಯುತ್ತದೆ, ಮುಂದಿನ ಸಲ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಸಾಲಿನ ಬುಡ ಅಂಕುಡೊಂಕಾಗಿದ್ದರೆ ಇದೇ ಇರಬೇಕು ಅಂತ ಲೆಕ್ಕ. ಪತಂಗದ ಹತ್ತಿರ ಬಂದಾಗ ಕೂಗುಗಳು ಒತ್ತೊತ್ತಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೀದಿದೀಪದ ಕಡೆಯ ರೆಕಾರ್ಡಿಂಗ್‌ನಲ್ಲಿ ಇದು ಜಾಸ್ತಿ.

ಹಗಲಲ್ಲಿ ಹುಡುಕುವುದು ಬೇರೆಯೇ ಕಥೆ. ಇದಕ್ಕೆ ಗುಹೆ ಬೇಡ. ಎಲೆಗಳ ನಡುವೆ ಒಂದೇ ಕಾಲಲ್ಲಿ ನೇತಾಡುತ್ತದೆ. ಹಿಕರಿ ಮರದಲ್ಲಿ ಒಂದು 'ಒಣ ಎಲೆ' ಗಾಳಿ ನಿಂತ ಮೇಲೂ ಅಲ್ಲಾಡುತ್ತಿತ್ತು. ಬೈನಾಕ್ಯುಲರ್ ಹಿಡಿದರೆ ತಾಯಿ, ಹೊಟ್ಟೆಗೆ ಅಂಟಿಕೊಂಡ ಮೂರು ಮರಿ! ಬಹಳಷ್ಟು ಬಾವಲಿಗಳು ಹೆರುವುದು ಒಂದೇ ಮರಿ, ಮೊಲೆ ಎರಡು. ಇದಕ್ಕೆ ನಾಲ್ಕು ಮೊಲೆ, ಮರಿ ಐದರ ತನಕವೂ ಆಗಬಹುದು. ತಾಯಿಯ ತೂಕ ಸುಮಾರು 10 ಗ್ರಾಂ ಅಷ್ಟೇ. ಹತ್ತಿರದಲ್ಲೇ ಬ್ಲೂ ಜೇ ಹಕ್ಕಿ ಕೂಗುತ್ತಿತ್ತು. ಮರಿಗಳಿಗೆ ಅದೇ ದೊಡ್ಡ ಶತ್ರು.

ಅಕ್ಟೋಬರ್

ಉತ್ತರದ ಕಡೆಯವು ದಕ್ಷಿಣಕ್ಕೆ ಹೊರಟಿವೆ. ಈ ದಾರಿಯಲ್ಲೇ ಗಾಳಿಯಂತ್ರದ ರೆಕ್ಕೆಗೆ ಸಿಕ್ಕಿ ಸಾಯುವುದು ಹೆಚ್ಚು. ಗುಹೆ ಬಾವಲಿಗಳನ್ನು ಕೊಲ್ಲುವ ವೈಟ್ ನೋಸ್ ರೋಗದಿಂದ ಇವು ಪಾರಾದವು, ಆದರೆ ಗಾಳಿಯಂತ್ರ ಬಿಡಲಿಲ್ಲ ನೋಡಿ.

ಡಿಸೆಂಬರ್

ನನಗೆ ಅತಿ ಹೆಚ್ಚು ಹಿಡಿಸಿದ ಭಾಗ ಇದು. ನಮ್ಮ ಸುತ್ತಲಿನ ಓಝಾರ್ಕ್ ಗುಡ್ಡಗಳ ಕಾಡುಗಳಲ್ಲಿ ಕೆಲವು ಚಳಿಗಾಲಕ್ಕೂ ಉಳಿಯುತ್ತವೆ. ಹಗಲು ಬೆಚ್ಚಗಿದ್ದರೆ ಸೀಡರ್ ಮರದಲ್ಲಿರುತ್ತವೆ. ಚಳಿ ಸೊನ್ನೆಯತ್ತ ಇಳಿದರೆ ನೆಲಕ್ಕಿಳಿದು ತರಗೆಲೆಯೊಳಗೆ ಸೇರಿಕೊಳ್ಳುತ್ತವೆ. ಬಾಲದ ಪೊರೆಯ ಮೇಲೂ ದಟ್ಟ ಕೂದಲಿದೆ. ಅದನ್ನೇ ಕಂಬಳಿಯ ಹಾಗೆ ಹೊಟ್ಟೆಯ ಮೇಲೆ ಎಳೆದುಕೊಂಡು ಮಲಗುತ್ತವೆ. ಸಂಜೆ ಸ್ವಲ್ಪ ಬೆಚ್ಚಗಾದರೆ ಎದ್ದು ಪತಂಗ ಹುಡುಕುತ್ತವೆ. ಕಳೆದ ವಾರ ಅಂಥದೊಂದು ಸಂಜೆ ರೆಕಾರ್ಡರ್‌ನಲ್ಲಿ ಅದೇ ಅಂಕುಡೊಂಕು ಸಾಲು ಸಿಕ್ಕಿತು!

ಇಲ್ಲೊಂದು ತಲೆನೋವಿದೆ. ಕಾಡಿನ ಆರೋಗ್ಯಕ್ಕೆ ಅಂತ ಚಳಿಗಾಲದಲ್ಲಿ ನೆಲದ ಎಲೆಗಳಿಗೆ ಬೆಂಕಿ ಕೊಡುತ್ತಾರೆ. ಬೆಂಕಿ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಚಳಿಗೆ ಮರಗಟ್ಟಿದ ಬಾವಲಿ ಮೈ ಬಿಸಿಮಾಡಿಕೊಂಡು ಹಾರಲು ಹೊತ್ತು ಹಿಡಿಯುತ್ತದೆ. ಸ್ವಲ್ಪ ಬೆಚ್ಚಗಿನ ದಿನ ನೋಡಿ ಬೆಂಕಿ ಕೊಟ್ಟರೆ ತಪ್ಪಿಸಿಕೊಳ್ಳಲು ಅವಕಾಶ ಸಿಗುತ್ತದೆ, ಅಲ್ವಾ? ನಮ್ಮ ಹಿತ್ತಲಿನ ಎಲೆಯನ್ನಂತೂ ಏಪ್ರಿಲ್ ತನಕ ಗುಡಿಸುವುದಿಲ್ಲ. ಪಕ್ಕದ ಮನೆಯವರು ಸೋಮಾರಿ ಅಂದುಕೊಂಡರೆ ಅಂದುಕೊಳ್ಳಲಿ.

ಮುಂದೆ ರೆಕಾರ್ಡರನ್ನು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಕಟ್ಟಬೇಕು. ಮಾಮೂಲಿ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಲಿಥಿಯಂ ತರಿಸಿದ್ದೇನೆ.