ಅಮ್ಮನ ಕಿಡ್ನಿಯೊಳಗೆ ಗ್ಯಾಸ್

14 ಆಗಸ್ಟ್ 2023, ಸೋಮವಾರ, ರಾತ್ರಿ

ಅಮ್ಮ ಈಗಷ್ಟೇ ನಿದ್ದೆ ಹೋದಳು. ಜ್ವರ ಬಿಟ್ಟು ಎರಡು ದಿನ ಆಯಿತು. ನಾನು ಮಂಚದ ಪಕ್ಕ ನೇತಾಡುವ ಚೀಲವನ್ನೇ ನೋಡುತ್ತ ಕೂತಿದ್ದೇನೆ. ಅವಳ ಬೆನ್ನಿನಿಂದ ಬಂದ ಸಣ್ಣ ಟ್ಯೂಬ್ ಅದರೊಳಗೆ ಇಳಿದಿದೆ. ಮೊದಲ ದಿನ ಅದರ ತುಂಬ ಕಂದು ಬಣ್ಣದ ಕೀವು, ನಡುನಡುವೆ ಗುಳ್ಳೆಗಳು. ಇವತ್ತು ಬರುತ್ತಿರುವುದು ಸ್ವಲ್ಪವೇ, ಅದೂ ತೆಳ್ಳಗೆ.

ಹೋದ ವಾರ ಎಡ ಪಕ್ಕೆ ನೋಯುತ್ತದೆ ಅಂದಾಗ ಬಾಮ್ ತಿಕ್ಕಿದವಳು ನಾನೇ. ಉರಿಮೂತ್ರ ಅಂತಲೂ ಹೇಳಿದ್ದಳು. ನೀರು ಜಾಸ್ತಿ ಕುಡಿ ಅಂದು ಸುಮ್ಮನಾದೆ. ಹದಿನೈದು ವರ್ಷದಿಂದ ಶುಗರ್ ಇರುವವಳು ಹೇಳಿದ ಮಾತು ಅದು. ನಾನು ಅವತ್ತೇ ಕರೆದುಕೊಂಡು ಹೋಗಬೇಕಿತ್ತು, ಅಲ್ವಾ? ಮೂರನೇ ದಿನ ಚಳಿಜ್ವರ, ವಾಂತಿ. ಶುಗರ್ ನೋಡಿದರೆ 412.

ಅಲ್ಟ್ರಾಸೌಂಡ್‌ನಲ್ಲಿ ಸರಿಯಾಗಿ ಗೊತ್ತಾಗಲಿಲ್ಲ. ಗ್ಯಾಸ್ ಕಂಡರೂ ಕರುಳಿನದು ಅಂದುಕೊಳ್ಳುವುದುಂಟಂತೆ. ಸಿಟಿ ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರ್ ನನ್ನನ್ನು ಪರದೆಯ ಹತ್ತಿರ ಕರೆದರು. "ಕಿಡ್ನಿಯೊಳಗೆ ಈ ಕಪ್ಪು ಕಪ್ಪು ಕಾಣುತ್ತಿದೆಯಲ್ಲ ಅಮ್ಮ, ಅದು ಗ್ಯಾಸ್. ಅಲ್ಲಿ ಇರಲೇಬಾರದು."

ಎಂಫಿಸೆಮಾಟಸ್ ಪೈಲೋನೆಫ್ರೈಟಿಸ್. ಹೆಸರು ಬಾಯಿಗೆ ಬರಲು ನನಗೆ ಒಂದು ದಿನ ಹಿಡಿಯಿತು. ತೀರಾ ಅಪರೂಪದ ಸೋಂಕು. ಬಂದವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರೇ, ಅದರಲ್ಲೂ ಹೆಂಗಸರು ಜಾಸ್ತಿ. ಬಹುಪಾಲು ಇ. ಕೋಲಿ ಬ್ಯಾಕ್ಟೀರಿಯಾ, ಕೆಲವರಲ್ಲಿ ಕ್ಲೆಬ್ಸಿಯೆಲ್ಲಾ. ರಕ್ತದಲ್ಲಿ ಸಕ್ಕರೆ ಏರಿದಾಗ ಕಿಡ್ನಿಯಲ್ಲೂ ಅದು ಅವಕ್ಕೆ ಧಾರಾಳವಾಗಿ ಸಿಗುತ್ತದೆ. ಆ ಸಕ್ಕರೆಯನ್ನು ಹುದುಗಿಸಿ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಬಿಡುತ್ತವೆ. ರಕ್ತ ಓಡಾಟ ಸರಿಯಿಲ್ಲದ ಕಡೆ ಆ ಗ್ಯಾಸ್ ಹೊರಗೆ ಹೋಗದೆ ಅಲ್ಲೇ ಕೂರುತ್ತದೆ. ಅಮ್ಮನ ಶುಗರೇ ಅವಳ ಕಿಡ್ನಿಯೊಳಗೆ ಗಾಳಿಯಾಗಿತ್ತು! ಇದನ್ನು ಕೇಳಿದಾಗಿನಿಂದ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

1898ರಲ್ಲೇ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಮೊದಲೆಲ್ಲ ಕಿಡ್ನಿಯನ್ನೇ ತೆಗೆದುಬಿಡುತ್ತಿದ್ದದ್ದು ಹೆಚ್ಚು. ಈಗ ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಟ್ಟು, ಇನ್ಸುಲಿನ್‌ನಿಂದ ಶುಗರ್ ಇಳಿಸಿ, ಟ್ಯೂಬ್ ಹಾಕಿ ಕೀವು, ಗ್ಯಾಸ್ ಹೊರತೆಗೆದು ಎಷ್ಟೋ ಜನರ ಕಿಡ್ನಿ ಉಳಿಸುತ್ತಾರೆ. ಅಮ್ಮನಿಗೆ ಗ್ಯಾಸ್ ಕಿಡ್ನಿಯಿಂದ ಆಚೆ ಹರಡಿರಲಿಲ್ಲ. ಹರಡಿದ್ದರೆ ಅಪಾಯ ಜಾಸ್ತಿಯಿತ್ತು ಅಂದರು.

ಸಂಜೆ ಎಚ್ಚರವಾದಾಗ ಅಮ್ಮ ಟ್ಯೂಬ್ ಮುಟ್ಟಿ ನೋಡಿ, "ಕಿಡ್ನಿ ಉಳಿಯುತ್ತೇನೇ?" ಅಂತ ಕೇಳಿದಳು. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 2.8ರಿಂದ 1.9ಕ್ಕೆ ಇಳಿದಿದೆ ಅಂತ ಹೇಳಿದೆ. ಅವಳಿಗೆ ಆ ಲೆಕ್ಕ ಅರ್ಥವಾಗದಿದ್ದರೂ ಇಳಿದಿದೆ ಅನ್ನುವುದು ಅರ್ಥವಾಯಿತು. ನನ್ನ ಕೈ ಹಿಡಿದುಕೊಂಡೇ ಮಲಗಿದಳು.

ನಾಳೆ ಬೆಳಗ್ಗೆ ಮತ್ತೆ ಸ್ಕ್ಯಾನ್. ಆ ಕಪ್ಪು ಎಷ್ಟು ಉಳಿದಿದೆ ಅಂತ ನೋಡುತ್ತಾರೆ.