ಮುತ್ತುಗದ ಹೂವಿಗೆ ಬೆಳಗಿನ ಬಿಸಿಲು

ಫಾಲ್ಗುಣ ಬಂತೆಂದರೆ ತುಮಕೂರಿನಿಂದ ದೇವರಾಯನದುರ್ಗದ ಕುರುಚಲು ಕಾಡಿನತ್ತ ಕ್ಯಾಮೆರಾ ಹಿಡಿದು ಹೊರಡುವುದು ನನಗೆ ಹಬ್ಬದಷ್ಟೇ ಸಂಭ್ರಮದ ಸಂಗತಿ. ನಾಮದ ಚಿಲುಮೆಯ ಆಸುಪಾಸಿನಲ್ಲಿ ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿರುವಾಗ, ಎಲೆಯನ್ನೆಲ್ಲ ಉದುರಿಸಿಕೊಂಡ ಮುತ್ತುಗದ ಮರವೊಂದು ಕೊಂಬೆಕೊಂಬೆಯಲ್ಲೂ ಕೆಂಡದಂಥ ಹೂ ಹೊತ್ತು ನಿಂತಿರುತ್ತದೆ.

ಈ ಹೂವನ್ನು ಹತ್ತಿರದಿಂದ ನೋಡಬೇಕು. ಗಿಳಿಯ ಕೊಕ್ಕಿನಂತೆ ಬಾಗಿದ ದಳ, ಅದರ ಮೇಲೆ ಬೆಳ್ಳಿಯಂತೆ ಮಿನುಗುವ ನವಿರು ರೋಮ, ಬುಡದಲ್ಲಿ ಮಖಮಲ್ಲಿನಂಥ ಕಡುಗಂದು ಪುಷ್ಪಪಾತ್ರೆ. ಬಿಸಿಲು ಹೂವಿನ ಹಿಂದಿನಿಂದ ಬಿದ್ದಾಗ ಮಾತ್ರ ಆ ರೋಮಗಳ ಅಂಚು ಬೆಳಗುತ್ತದೆ. ಆದ್ದರಿಂದ ಸೂರ್ಯ ಮೇಲೇರುವ ಮೊದಲೇ, 7 ಗಂಟೆಯ ಹೊತ್ತಿಗೆಲ್ಲ ಅಲ್ಲಿರಬೇಕು.

ಮೊದಲ ವರ್ಷ ನಾನು ತೆಗೆದ ಚಿತ್ರಗಳಲ್ಲಿ ದಳದ ಗೆರೆಗಳೆಲ್ಲ ಅಳಿಸಿಹೋಗಿ ಕಿತ್ತಳೆ ಬಣ್ಣದ ಮುದ್ದೆಯಷ್ಟೇ ಉಳಿದಿತ್ತು. ಇಂಥ ಹೂವಿನಲ್ಲಿ ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂದು ಬೇರೆಬೇರೆಯಾಗಿ ದಾಖಲಿಸುವ ಮೂರು ಚಾನೆಲ್‌ಗಳಲ್ಲಿ ಕೆಂಪಿನದು ಉಳಿದೆರಡಕ್ಕಿಂತ ಮೊದಲೇ ತುಂಬಿಹೋಗುವುದೇ ಅದಕ್ಕೆ ಕಾರಣ. ಈಗ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು, ಅಂದರೆ ದಾಖಲಾಗುವ ಬೆಳಕು ಅರ್ಧವಾಗುವಷ್ಟು ತಗ್ಗಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮಿನಲ್ಲಿ ಕೆಂಪನ್ನು ಬೇರೆಯಾಗಿಯೇ ನೋಡುತ್ತೇನೆ.

ಹೂ ಕೀಳುವುದಾಗಲಿ, ಅಡ್ಡ ಬಂದ ಕೊಂಬೆಯನ್ನು ಮುರಿಯುವುದಾಗಲಿ ನನಗೆ ಒಪ್ಪದ ಕೆಲಸ. ಈ ಸಲ ಸೂರಕ್ಕಿಯೊಂದು ಮಕರಂದಕ್ಕೆಂದು ಬಂದು ಕೊಕ್ಕು ತೂರಿಸಿದ ಕ್ಷಣದಲ್ಲೇ ಬಿಸಿಲು ಗುಡ್ಡದ ಅಂಚು ದಾಟಿ ಬಂತು. ಅರ್ಧ ಗಂಟೆ ಅಲುಗಾಡದೆ ಕಾದ ನನಗೆ ಸಿಕ್ಕಿದ್ದು ಅದೊಂದೇ ಚಿತ್ರ.